ಕಮಲಾ ಉರ್ಫ್ ಸುನಂದಾ

ನಾನು ನನ್ನನ್ನೇ ಹುಡುಕಿಕೊಂಡು ಹೋಗಿ, ನನ್ನಿಂದಲೇ ಮಾರ್ಗದರ್ಶನ ಪಡೆಯಬೇಕು ಎಂದು ದೆಹಲಿಯಿಂದ ಒಂದು ಪತ್ರ ಬಂತು.

ಆರೋಗ್ಯ ಸಂಶೋಧನೆಗೆ ಅನುದಾನ ಕೊಡುವ ಸಂಸ್ಥೆಯೊಂದರ ಪತ್ರ ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆಯೊಳಗೆ ತುಂಬಿಟ್ಟ ಕುಡಿಯುವ ನೀರು ಹೇಗೆ ಕೆಡುತ್ತದೆ, ಅದರಿಂದ ಕೂಸುಗಳಿಗೆ ಆಗುವ ವಾಂತಿಭೇದಿಯನ್ನು ಹೇಗೆ ತಡೆಯಬಹುದು ಎಂದು ನೋಡಲು ನಾನು ಅರ್ಜಿ ಹಾಕಿದ್ದೆ. ಆಗ ನಾನು ಬಿಜಾಪುರದ ವೈದ್ಯಕೀಯ ಕಾಲೇಜೊಂದರಲ್ಲಿ ಸಮುದಾಯ ಆರೋಗ್ಯ ಕಲಿಸುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನನ್ನ ಪ್ರಕಟಣೆಗಳ ಪಟ್ಟಿಯಲ್ಲಿ ಮೊದಲನೆಯದಾಗಿ, ಇದೇ ವಿಷಯದ ಹಳೆಯ ಪ್ರಬಂಧವೊಂದನ್ನು ಹೆಮ್ಮೆಯಿಂದ ಕೊಟ್ಟಿದ್ದೆ.

ಅದರ ಬಗ್ಗೆ ಪರಿಶೀಲಕರು ಬರೆದದ್ದು ಹೀಗಿತ್ತು: ‘ಅರ್ಜಿದಾರರಾದ ಡಾ. ಸುನಂದಾ ಅವರು ಡಾ. ಕಮಲಾ ಎಂಬುವರ ಪ್ರಬಂಧವನ್ನು ತಮ್ಮ ಪಟ್ಟಿಯಲ್ಲಿ ಸೇರಿಸಿರುವುದು ಕಣ್ತಪ್ಪಿನಿಂದ ಇರಬಹುದು. ಅದನ್ನು ತೆಗೆದರೆ ಈ ವಿಷಯದಲ್ಲಿ ಅವರ ಸ್ವಂತ ಕೆಲಸ ಏನೂ ಉಳಿಯುವುದಿಲ್ಲ. ಅವರು ಡಾ. ಕಮಲಾ ಅವರನ್ನು ಸಂಪರ್ಕಿಸಿ ಮಾರ್ಗದರ್ಶನ ಪಡೆಯುವುದು ಒಳ್ಳೆಯದು.’ ಮುಂದಿನ ಸಭೆಯೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ ಅಧ್ಯಯನವನ್ನು ಇನ್ನೊಂದು ತಂಡಕ್ಕೆ ಕೊಡುವುದಾಗಿ ಕೆಳಗೆ ಒಕ್ಕಣೆ ಇತ್ತು.

ನಮ್ಮ ವಿಭಾಗದ ಮುಖ್ಯಸ್ಥರು ತುಮಕೂರು ಕಡೆಯವರು. ನಾಲ್ಕು ಕಾಸಿನ ಗಡಿಬಿಡಿಯೂ ಇಲ್ಲದ ಸಮಾಧಾನದ ಮನುಷ್ಯ. ಪತ್ರ ಓದಿ ಕನ್ನಡಕ ತೆಗೆದರು.

“ಯಾರಮ್ಮ ಈ ಡಾಕ್ಟರ್ ಕಮಲಾ? ನಿಮಗೆ ಪರಿಚಯ ಇದೆಯಾ?”

“ಇದೆ ಸರ್. ನಾನೇ.”

ಅವರು ನಗಲಿಲ್ಲ. ನಾನು ನಕ್ಕೆ. ಆದರೆ ನನ್ನ ಕೋಣೆಗೆ ಬಂದು ಕೂತಾಗ ನಗು ನಿಂತು ಸಿಟ್ಟು ಬಂತು. ಬೇರೆಯವರ ಕೆಲಸವನ್ನು ನನ್ನದೆಂದು ಹೇಳಿಕೊಂಡೆ ಎಂದು, ಮರ್ಯಾದೆಯ ಮಾತಿನಲ್ಲೇ, ನನ್ನನ್ನು ಕಳ್ಳಿ ಎಂದಿದ್ದರು.

ಆ ಪ್ರಬಂಧಕ್ಕಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ಓದು ಮುಗಿಸಿ ಆಗಷ್ಟೇ ಕಾಲೇಜಿಗೆ ಸೇರಿದ್ದೆ, ಮದುವೆಯಾಗಿರಲಿಲ್ಲ. ಇಂಡಿ ತಾಲ್ಲೂಕಿನ ಝಳಕಿ ಸುತ್ತಿನ ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಚೆನ್ನಾಗಿಯೇ ಇತ್ತು, ಆದರೂ ಕೂಸುಗಳ ಭೇದಿ ನಿಲ್ಲುತ್ತಿರಲಿಲ್ಲ. ನೀರು ಎಲ್ಲಿ ಕೆಡುತ್ತದೆ ಎಂದು ಬೆನ್ನು ಹತ್ತಿದೆ. ಕುದಿಸಿದ ಬಾಟಲಿಗಳನ್ನೂ ಬರ್ಫದ ಡಬ್ಬಿಯನ್ನೂ ಹೊತ್ತು ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಒಂದೇ ಮನೆಯ ನೀರನ್ನು ಮೂರು ಕಡೆ ಹಿಡಿಯಬೇಕು: ಕೊಳವೆಬಾವಿಯ ಬಾಯಲ್ಲಿ, ಮನೆಯ ಮಣ್ಣಿನ ಹರವಿಯಲ್ಲಿ, ಕುಡಿಯುವ ತಂಬಿಗೆಯಲ್ಲಿ. ಬರ್ಫ ಕರಗುವ ಮೊದಲು ಬಿಜಾಪುರ ಮುಟ್ಟಬೇಕು.

“ನೀರಿಗೂ ಬ್ಯಾನಿ ಬರ್ತಾವೇನ್ರಿ, ಹಿಂಗ ಸೀಸೇದಾಗ ತುಂಬಿಕೊಂಡ ದವಾಖಾನಿಗೆ ಒಯ್ಯಾಕತ್ತೀರಿ?” ಎಂದು ಹೆಂಗಸೊಬ್ಬಳು ಕೇಳಿದ್ದಳು.

ಪ್ರಯೋಗಶಾಲೆಯಲ್ಲಿ ಆ ನೀರನ್ನು ಸಾಲು ಸಾಲು ನಳಿಕೆಗಳಿಗೆ ಹಾಕಿ, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಯಾವುದರಲ್ಲಿ ಗಾಳಿಗುಳ್ಳೆ ಎದ್ದಿತೆಂದು ನೋಡುವುದು. ಗುಳ್ಳೆ ಎದ್ದರೆ ನೀರಿಗೆ ಹೊಲಸು ಸೇರಿದೆ ಎಂದರ್ಥ. ಕರೆಂಟು ಹೋದರೆ ಪೆಟ್ಟಿಗೆ ತಣ್ಣಗಾಗುತ್ತಿತ್ತು. ಹಾಗಾಗಿ ಅವ್ವನ ಎರಡು ಕೌದಿ ತಂದು ಪೆಟ್ಟಿಗೆಗೆ ಸುತ್ತಿದ್ದೆ. ಕೊನೆಗೆ ತಿಳಿದದ್ದು ಸರಳ ಸಂಗತಿ. ಬಾವಿಯಲ್ಲಿ ಶುದ್ಧವಾಗಿದ್ದ ನೀರು ಹರವಿಯಲ್ಲಿ ಕೆಡುತ್ತಿತ್ತು, ಯಾಕೆಂದರೆ ಅಗಲ ಬಾಯಿಯ ಹರವಿಯೊಳಗೆ ಮನೆಮಂದಿಯೆಲ್ಲ ತಂಬಿಗೆಯ ಜೊತೆಗೆ ಕೈಯನ್ನೂ ಅದ್ದುತ್ತಿದ್ದರು. ಅದನ್ನು ಬರೆದು ಕಳಿಸಿದೆ, ಹೊರದೇಶದ ಪತ್ರಿಕೆಯೊಂದು ಅಚ್ಚು ಹಾಕಿತು. ಅದರಲ್ಲಿದ್ದ ಹೆಸರು ಕಮಲಾ. ಜೊತೆಗೆ ಅಪ್ಪನ ಹೆಸರು, ತವರಿನ ಅಡ್ಡಹೆಸರು.

ಮರುವರ್ಷ ಮುದ್ದೇಬಿಹಾಳಕ್ಕೆ ನನ್ನನ್ನು ಕೊಟ್ಟರು. ಗಂಡ ಅಲ್ಲಿಯೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು; ನಾನು ವಾರವೆಲ್ಲ ಬಿಜಾಪುರದಲ್ಲಿದ್ದು ಶನಿವಾರ ಬಾಗೇವಾಡಿ ಮೇಲಿನ ಬಸ್ಸಿಗೆ ಮನೆಗೆ ಹೋಗುತ್ತಿದ್ದೆ. ಸಂಬಂಧ ಕೂಡಿಸುವಾಗ ಒಂದೇ ಒಂದು ತೊಡಕು ಇತ್ತು: ಅತ್ತೆಯ ಹೆಸರೂ ಕಮಲವ್ವ. ಗಂಡ ಹೆಂಡತಿಯನ್ನು ಕರೆದರೆ ತಾಯಿಯನ್ನು ಹೆಸರು ಹಿಡಿದು ಕರೆದಂತಾಗುತ್ತದೆ. ಹಿರಿಯರ ಹೆಸರು ಕಿರಿಯರ ಬಾಯಲ್ಲಿ ಬರಬಾರದು. ನಮ್ಮ ಕಡೆ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮದುಮಗಳ ಹೆಸರು ಬದಲಿಸಿಬಿಡುತ್ತಾರೆ. ಅಕ್ಕಿಕಾಳು ಬಿದ್ದ ದಿನವೇ ನಾನು ಸುನಂದಾ ಆದೆ. ಅಪ್ಪನ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬಂತು, ಅಡ್ಡಹೆಸರೂ ಹೋಯಿತು. ಮೊದಲಿನ ಹೆಸರಿನದು ಒಂದು ಅಕ್ಷರವೂ ಉಳಿಯಲಿಲ್ಲ. ಕಾಲೇಜಿನ ಕಚೇರಿಯವರು ಬಿಳಿಹಾಳೆಯ ಅರ್ಜಿಯೊಂದನ್ನು ತೆಗೆದುಕೊಂಡು ಹಾಜರಿಯಲ್ಲಿ ಹೆಸರು ತಿದ್ದಿದರು, ಲಾಡು ತಿಂದರು, ಅಷ್ಟೇ. ಆಗ ನನಗೂ ಬೇಸರವಾಗಲಿಲ್ಲ. ಹೊಸ ಸೀರೆಯ ಹಾಗೆ ಹೊಸ ಹೆಸರು ಎಂದುಕೊಂಡೆ.

ಅತ್ತೆ ಒಳ್ಳೆಯ ಹೆಂಗಸು, ಆದರೆ ಗಟ್ಟಿ. ಭೀಮಾ ನದಿಯ ದಂಡೆಯ ಆಲಮೇಲದ ಕಡೆಯವರು. ನದಿಗೆ ನೆರೆ ಬಂದ ಸುದ್ದಿ ರೇಡಿಯೋದಲ್ಲಿ ಬಂದರೆ “ನಮ್ಮೂರ ಹೊಳಿ ಬಂದೈತಂತ” ಎನ್ನುವರು. ಪಕ್ಕದ ಮನೆಯ ಭೀಮಶಿಯನ್ನು “ಮೂಲಿಮನಿಯಾಂವ” ಎಂದೇ ಕರೆಯುವರು. ಅದು ಅವರ ಮಾತಿನ ರೀತಿ ಎಂದುಕೊಂಡು ನಾನು ಗಮನಿಸದೇ ಬಿಟ್ಟಿದ್ದೆ.

ಈಗ ದೆಹಲಿಗೆ ಉತ್ತರ ಕೊಡಬೇಕಿತ್ತು. ಪ್ರಬಂಧ ನನ್ನದು ಎನ್ನುವುದರ ಜೊತೆಗೆ ಅದನ್ನು ಬೇರೆ ಸಂಶೋಧಕರು ಎಷ್ಟು ಬಳಸಿಕೊಂಡಿದ್ದಾರೆ, ಎಲ್ಲೆಲ್ಲಿ ಉಲ್ಲೇಖಿಸಿದ್ದಾರೆ ಎಂದೂ ತೋರಿಸಬೇಕಿತ್ತು. ಸಂಶೋಧಕರ ತೂಕ ನೋಡುವುದೇ ಅದರ ಮೇಲೆ. ನಮ್ಮ ಕಾಲೇಜಿನಲ್ಲಿ ಅದನ್ನು ನೋಡುವ ಅನುಕೂಲ ಇರಲಿಲ್ಲ. ಗ್ರಂಥಪಾಲಕರು “ಪುಣೇಕ ಹೋಗ್ರಿ ಮೇಡಂ, ಅಲ್ಲಿ ಉಲ್ಲೇಖ ಸೂಚಿ ಅದಾವ” ಎಂದರು. ಸೊಲ್ಲಾಪುರದ ಮೇಲೆ ಪುಣೆಗೆ ಹೋದೆ.

ಆ ಸೂಚಿಗಳನ್ನು ಕಂಡವರಿಗೆ ಗೊತ್ತು. ಎತ್ತಲಾರದಷ್ಟು ದಪ್ಪ ಸಂಪುಟಗಳು, ಒಳಗೆ ಇರುವೆ ಸಾಲಿನಂಥ ಅಕ್ಷರ. ಅಡ್ಡಹೆಸರು ಮೊದಲು, ಹೆಸರಿನ ಒಂದೇ ಅಕ್ಷರ ಆಮೇಲೆ. ಅದರ ಕೆಳಗೆ ಯಾವ ಪ್ರಬಂಧ, ಯಾವ ವರ್ಷ, ಯಾವ ಪುಟ, ಅದನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದು ಸಾಲು ಸಾಲು. ಗೆರೆ ಎಳೆಯುವ ಪಟ್ಟಿಯನ್ನು ಸಾಲಿನ ಕೆಳಗಿಟ್ಟು ಓದಬೇಕು, ಇಲ್ಲವಾದರೆ ಕಣ್ಣು ಪಕ್ಕದ ಮನೆಗೆ ಹೋಗುತ್ತದೆ. ಮೊದಲು ಸುನಂದಾಳನ್ನು ಹುಡುಕಿದೆ. ಮದುವೆಯ ನಂತರ ಬಸುರಿಯರ ರಕ್ತಹೀನತೆಯ ಬಗ್ಗೆ ನಾನು ಬರೆದದ್ದು ಕೆಲವು ಇತ್ತು. ಅದಕ್ಕೆ ಸಿಕ್ಕ ಉಲ್ಲೇಖಗಳು ಅಲ್ಲೊಂದು ಇಲ್ಲೊಂದು, ಅದರಲ್ಲೂ ಅರ್ಧ ನಾನೇ ನನ್ನದನ್ನು ಉಲ್ಲೇಖಿಸಿಕೊಂಡದ್ದು.

ಆಮೇಲೆ ಕಮಲಾಳ ಪುಟ ತೆರೆದೆ. ಸಾಲು ಮುಗಿಯಲೇ ಇಲ್ಲ. ಒಂದು ವರ್ಷದ ಸಂಪುಟ ಮುಗಿಸಿ ಮುಂದಿನದು ತೆಗೆದರೆ ಸಾಲು ಇನ್ನೂ ಉದ್ದ. ಆಫ್ರಿಕಾದ ಹಳ್ಳಿಗಳಲ್ಲಿ ಹರವಿಯಂಥದ್ದೇ ಗಡಿಗೆ ಇಟ್ಟುಕೊಂಡವರ ಬಗ್ಗೆ ಬರೆದವರು, ಬಂಗಾಳದಲ್ಲಿ ಕಾಲರಾ ನೋಡಿದವರು, ನಾನು ಎಂದೂ ಕಾಣದ ಊರುಗಳವರು ಅವಳ ಕೆಲಸದ ಮೇಲೆ ತಮ್ಮ ಕೆಲಸ ಕಟ್ಟಿದ್ದರು. ಕೆಲವರು ಹೆಸರು ಯಾವುದು, ಅಡ್ಡಹೆಸರು ಯಾವುದು ತಿಳಿಯದೆ ಅಪ್ಪನ ಹೆಸರಿನ ಕೆಳಗೆ ಹಾಕಿದ್ದರು. ಅಲ್ಲಿಯೂ ಒಂದಿಷ್ಟು ಸಿಕ್ಕವು. ಅಷ್ಟು ವರ್ಷ ಇದಾವುದೂ ನನಗೆ ಗೊತ್ತಿರಲಿಲ್ಲ.

ಖುಷಿಯಾಗಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಆದದ್ದು ಹೊಟ್ಟೆಕಿಚ್ಚು. ಆ ಕಮಲಾ ಎಷ್ಟು ಚೆನ್ನಾಗಿ ಬಾಳಿದ್ದಾಳೆ, ನಾನು ಹೊತ್ತೇರುವ ತನಕ ಬಾಗೇವಾಡಿ ಬಸ್ಸಿಗೆ ಕಾಯುತ್ತ ನಿಂತಿರುವಾಗ ಅವಳು ದೇಶ ಸುತ್ತಿದ್ದಾಳೆ ಅನಿಸಿತು. ನಕಲು ತೆಗೆಸುವ ಯಂತ್ರದ ಮುಂದೆ ಸರದಿಯಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಯಂತ್ರದ ಹುಡುಗಿ “ಧೂಳ ಆಹೆ, ಮ್ಯಾಡಮ್” ಎಂದು ಸಮಾಧಾನ ಹೇಳಿದಳು. ಹೌದು, ಧೂಳೇ ಎಂದೆ.

ನಕಲುಗಳನ್ನು ದೆಹಲಿಗೆ ಕಳಿಸಿದೆ. ಅವರ ಉತ್ತರ ಬೇಗ ಬಂತು: ಪ್ರಬಂಧದ ತೂಕದ ಬಗ್ಗೆ ಅನುಮಾನವಿಲ್ಲ, ಅದು ನಿಮ್ಮದು ಎನ್ನುವುದಕ್ಕೆ ಪುರಾವೆ ಎಲ್ಲಿ? ಪದವಿ ಪ್ರಮಾಣಪತ್ರಗಳಲ್ಲಿ ಕಮಲಾ, ಕೆಲಸದ ಪತ್ರಗಳಲ್ಲಿ ಸುನಂದಾ, ನಡುವೆ ಸೇತುವೆ ಇಲ್ಲ. ಮದುವೆಯನ್ನು ನೋಂದಾಯಿಸುವುದು ಆಗ ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾಲೇಜಿನ ಬಿಳಿಹಾಳೆ ಅರ್ಜಿಯನ್ನು ಹುಡುಕಿಸಿದೆ, ಹೊಸ ಕಟ್ಟಡಕ್ಕೆ ಹೋಗುವಾಗ ರದ್ದಿಗೆ ಹೋಗಿತ್ತು. ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಬರೆದೆ: ಕಮಲಾ ಮತ್ತು ಸುನಂದಾ ಒಬ್ಬರೇ ಎಂದು ಒಂದು ಟಿಪ್ಪಣಿ ಹಾಕುತ್ತೀರಾ? ಸಂಪಾದಕರು ಬಹಳ ಸೌಜನ್ಯದಿಂದ ಉತ್ತರಿಸಿದರು. ಹಾಕಬಹುದು, ಆದರೆ ಮೂಲ ಲೇಖಕಿಯಾದ ಡಾ. ಕಮಲಾ ಅವರ ಸಹಿಯಿರುವ ಒಪ್ಪಿಗೆ ಬೇಕು.

ಹಾಳೆ ತೆಗೆದುಕೊಂಡು ಕಮಲಾ ಎಂದು ಸಹಿ ಮಾಡಲು ಕೂತೆ. ಕೈಗೆ ಆ ಸಹಿ ಮರೆತು ಹೋಗಿತ್ತು. ಪದವಿ ಪ್ರಮಾಣಪತ್ರವನ್ನು ಎದುರಿಗಿಟ್ಟುಕೊಂಡು, ಯಾರದೋ ಸಹಿಯನ್ನು ನಕಲು ಮಾಡುವವಳ ಹಾಗೆ ತಿದ್ದಿದೆ. ನನ್ನ ಬಗ್ಗೆ ನನಗೇ ಕನಿಕರ ಬಂತು, ಆ ಹಾಳೆಯನ್ನು ಕಳಿಸದೇ ಬಿಟ್ಟೆ.

ಸಭೆ ಹತ್ತಿರ ಬರುತ್ತಿತ್ತು. ಮುಖ್ಯಸ್ಥರು ಒಂದು ಸುಲಭದ ದಾರಿ ಹೇಳಿದರು. “ಯಾಕಮ್ಮ ಇಷ್ಟು ಒದ್ದಾಟ? ಅವರು ಹೇಳಿದ್ದನ್ನೇ ಮಾಡಿಬಿಡಿ. ಡಾಕ್ಟರ್ ಕಮಲಾ ಈ ಅಧ್ಯಯನಕ್ಕೆ ಸಲಹೆಗಾರರಾಗಿ ಇರ್ತಾರೆ ಅಂತ ಬರೀರಿ. ಒಪ್ಪಿಗೆ ಪತ್ರಕ್ಕೆ ಹಳೆಯ ಸಹಿ ಹಾಕಿ. ಅದರಲ್ಲಿ ಸುಳ್ಳೇನಿದೆ?”

ಗಂಡನೂ ಅದನ್ನೇ ಹೇಳಿದರು. “ಲೆಕ್ಕ ಬರಾಬರಿ ಆಗ್ತೈತಲ್ಲ. ಎರಡೂ ನೀನ.”

ಸುಳ್ಳು ಇರಲಿಲ್ಲ, ಅದೇ ಕಿರಿಕಿರಿ. ಆ ಶನಿವಾರ ಮುದ್ದೇಬಿಹಾಳದ ಬಸ್ಸಿನಲ್ಲಿ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಸಲಹೆಗಾರ್ತಿ ಎಂದರೆ ಹೆಸರಿನ ಪಟ್ಟಿಯಲ್ಲಿ ಒಂದು ಮೂಲೆ. ನಾನು ಹಳ್ಳಿ ಸುತ್ತುವುದು, ಹೊಸ ಪ್ರಬಂಧ ಬರೆಯುವುದು, ಯಾರಾದರೂ ಕೇಳಿದರೆ ‘ಅವೆಲ್ಲ ಡಾ. ಕಮಲಾ ಹಾಕಿಕೊಟ್ಟ ದಾರಿ’ ಎಂದು ನನ್ನ ಬಾಯಿಂದಲೇ ಹೇಳುವುದು. ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಗಟ್ಟಿ ಮಾಡಿಕೊಂಡೆ: ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಯೇ ಉತ್ತರ ಕೊಡುವುದು. ಅಷ್ಟೇ ಅಲ್ಲ, ಇನ್ನು ಮುಂದೆ ಅಚ್ಚಾಗುವುದೆಲ್ಲ ಕಮಲಾ ಹೆಸರಿನಲ್ಲೇ ಅಚ್ಚಾಗಬೇಕು. ಅಧ್ಯಯನ ಕೈತಪ್ಪಿದರೆ ತಪ್ಪಲಿ.

ಗಟ್ಟಿ ಮಾಡಿಕೊಂಡದ್ದೇನೋ ಸರಿ. ಆದರೆ ಆ ಹೆಸರು ನಮ್ಮ ಮನೆಯಲ್ಲಿ ಈಗ ಇನ್ನೊಬ್ಬರದು. ಅವರನ್ನು ಕೇಳದೆ ತೆಗೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಹರವಿ, ಹೊರದೇಶ, ದೆಹಲಿ, ಎಲ್ಲ. ಅವರು ಕೈ ನಿಲ್ಲಿಸಲಿಲ್ಲ.

“ನನ್ನ ಹೆಸರ ನಿನಗ ಬೇಕಂತಿ,” ಎಂದರು.

“ನಂದೂ ಅದರೀ ಅತ್ತ್ಯಾರ, ಮೊದಲಿಂದು.”

ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದರು. “ಮನ್ಯಾಗ ಏನಂತ ಕರೀಬೇಕು?”

“ಮನ್ಯಾಗ ಸುನಂದಾನ. ಪುಸ್ತಕದಾಗ ಅಷ್ಟ ಕಮಲಾ.”

ಅವರು ಮೊರ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. “ಅವತ್ತ ನಿನ್ನ ಹೆಸರ ತಗದದ್ದು ನಾನಲ್ಲ ಯವ್ವಾ, ಪದ್ಧತಿ,” ಎಂದರು. “ಆದ್ರ ಬ್ಯಾಡ ಅನ್ನಲಿಲ್ಲ ನಾ. ಅನಬೌದಿತ್ತು.” ಮತ್ತೆ ಮೊರ ಕೇರಲು ಹಿಡಿದರು. “ಏನ್ ಮಾಡಬೇಕು ಹೇಳು. ಬರ್ತೇನಿ.”

ಸೋಮವಾರ ಕಾಲೇಜಿಗೆ ರಜೆ ಹಾಕಿ, ಅವರನ್ನು ಕರೆದುಕೊಂಡು ಮುದ್ದೇಬಿಹಾಳದ ಕೋರ್ಟಿನ ಬಳಿ ಕೂರುವ ವಕೀಲರೊಬ್ಬರಲ್ಲಿಗೆ ಹೋದೆ. ಹೊಲಮನೆ ತಂಟೆಗಳಲ್ಲಿ ಕೂದಲು ಬೆಳ್ಳಗಾದ ಮನುಷ್ಯ. ನನ್ನ ಇಡೀ ಪುರಾಣ ಕೇಳಿ ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

“ಇಷ್ಟಕ್ಯಾಕ ಹೈರಾಣ ಆಗೀರಿ ಡಾಕ್ಟರಬಾಯಾರ? ಉರ್ಫ್ ಹಚ್ಚಿದ್ರ ಮುಗೀತು. ನಮ್ಮ ಹೊಲದ ಉತಾರ ತಗದ ನೋಡ್ರಿ, ಅರ್ಧ ತಾಲೂಕ ಉರ್ಫ್ ಮ್ಯಾಲ ನಡದೈತಿ. ನಿಮ್ಮ ಇಂಗ್ಲಿಷ್ ಪುಸ್ತಕದಾಗ ಉರ್ಫ್ ಇಲ್ಲೇನ್ರಿ?”

ಇಲ್ಲ ಎಂದೆ. ಅವರು ಅಯ್ಯೋ ಪಾಪ ಎನ್ನುವ ಹಾಗೆ ತಲೆಯಾಡಿಸಿ, ಟೈಪು ಮಾಡುವವನಿಗೆ ಹೇಳಿ ಬರೆಸತೊಡಗಿದರು. ‘ಕಮಲಾ ಉರ್ಫ್ ಸುನಂದಾ’ ಎಂದು ಯಂತ್ರ ಟಕಟಕ ಕುಟ್ಟಿತು. ಇಷ್ಟು ತಿಂಗಳಿನಿಂದ ಯಾರ ಕೈಯಲ್ಲೂ ಆಗದ ಸೇತುವೆ, ಎರಡೇ ಅಕ್ಷರದಲ್ಲಿ ಆಯಿತು.

ಆಮೇಲೆ ವಕೀಲರು ಅತ್ತೆಯ ಕಡೆ ತಿರುಗಿದರು. ಹೆಸರು ಬದಲಾದದ್ದನ್ನು ಕಂಡ ಮನೆಯ ಹಿರಿಯರು ಎಂದು ಅವರ ಹೇಳಿಕೆಯೂ ಬೇಕಾಗಿತ್ತು.

“ನಿಮ್ಮ ಹೆಸರ ಹೇಳ್ರಿ ಅವ್ವಾರ.”

“ಕಮಲವ್ವ.”

ವಕೀಲರು ಟೈಪಿನವನನ್ನು ತಡೆದರು. “ಇದು ತೊಡಕ ಆತಲ್ಲ. ಸೊಸಿ ಕಮಲಾ, ಅತ್ತಿ ಕಮಲವ್ವ. ದಿಲ್ಲಿಯವ್ರು ಮತ್ತ ಇವ್ರೆಲ್ಲಾ ಒಬ್ಬರ ಅಂತ ತಿಳ್ಕೊಂಡ್ರ ಏನ್ ಮಾಡ್ತೀರಿ? ನಿಮಗೂ ಮೊದಲಿನ ಹೆಸರ ಒಂದ ಇರಬೇಕಲ್ರಿ. ಅದನೂ ಉರ್ಫ್ ಹಚ್ಚೋಣು.”

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಇನ್ನೊಂದು ಹೆಸರು ಇರಬಹುದೆಂದು ನನಗೆ ಎಂದೂ ಹೊಳೆದಿರಲಿಲ್ಲ. ತವರಿನ ತಮ್ಮಂದಿರು ಬಂದಾಗ ಅಕ್ಕ ಎನ್ನುತ್ತಿದ್ದರು, ಉಳಿದವರು ಅವ್ವ, ಆಯಿ, ಅತ್ತೆ ಎನ್ನುತ್ತಿದ್ದರು.

“ಐತಿ,” ಎಂದರು. ಸೆರಗು ಸರಿಮಾಡಿಕೊಂಡರು. “ಹೇಳಾಕ ಬರೂದಿಲ್ಲ.”

“ಮರತ್ರೇನ್ರಿ?”

“ತನ್ನ ಹೆಸರ ಯಾರರ ಮರೀತಾರೇನು? ನಮ್ಮ ಮಾವಾರ ಹೆಸರೂ ಅದ ಇತ್ತು. ಹೆಂಗ ಹೇಳ್ಲಿ?”

ಮಾವ ಎಂದರೆ ನನ್ನ ಗಂಡನ ಅಜ್ಜ, ಗೋಡೆಯ ಮೇಲೆ ರುಮಾಲು ಸುತ್ತಿಕೊಂಡು ಕೂತ ಫೋಟೋದಲ್ಲಿರುವವರು. ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಆದರೂ ಆ ಹೆಸರು ಅತ್ತೆಯ ಬಾಯಲ್ಲಿ ಬರುವಂತಿರಲಿಲ್ಲ. ಕಡೆಗೆ ಅತ್ತೆಯೇ ಒಂದು ಉಪಾಯ ಕಂಡುಕೊಂಡರು.

“ನಮ್ಮೂರ ಹೊಳಿ ಹೆಸರು.”

“ಯಾವೂರ್ರಿ?”

“ಆಲಮೇಲ.”

“ಭೀಮವ್ವ ಅಂತ ಬರೀಲೇನ್ರಿ?” ಎಂದ ಟೈಪಿನವ.

ಅತ್ತೆ ಹೌದೆಂದು ತಲೆ ಆಡಿಸಿದರು. ಯಂತ್ರ ಕುಟ್ಟುವ ತನಕ ಅದನ್ನೇ ನೋಡುತ್ತ ಕೂತರು.

ನನ್ನ ಹೆಸರನ್ನು ನಾನು ಬಿಟ್ಟುಕೊಟ್ಟದ್ದು ಅವರ ಹೆಸರಿಗಾಗಿ ಎಂದುಕೊಂಡಿದ್ದೆ, ಒಳಗೊಳಗೆ ಅವರ ಮೇಲೆ ಒಂದಿಷ್ಟು ಕಹಿಯೂ ಇತ್ತು. ಆ ಹೆಸರು ಅವರದೂ ಆಗಿರಲಿಲ್ಲ. ನನಗಾದರೆ ನನ್ನ ಹೆಸರನ್ನು ಬಾಯಿಬಿಟ್ಟು ಹೇಳಲು ಯಾರ ಅಡ್ಡಿಯೂ ಇರಲಿಲ್ಲ, ದೂರದ ಊರುಗಳಲ್ಲಿ ಅದು ಅಚ್ಚಿನಲ್ಲಿ ಉಳಿದಿತ್ತು. ಅವರು ಸೊಸೆಯಾಗಿ ಬಂದ ದಿನದಿಂದ ಊರ ಹೊಳೆಯನ್ನೂ ಪಕ್ಕದ ಮನೆಯವನನ್ನೂ ಹೆಸರು ಹಿಡಿದು ಕರೆದಿರಲಿಲ್ಲ.

ವಾಪಸು ಬರುವಾಗ ಟಾಂಗಾದಲ್ಲಿ ಕೇಳಿದೆ. “ನಿಮ್ಮ ಮದುವ್ಯಾಗ ಬ್ಯಾಡ ಅನಲಿಲ್ಲೇನ್ರಿ ನೀವು?”

“ಯಾರರ ಕೇಳಿದ್ರ ಅನಬೇಕಲ,” ಎಂದರು. ಆಮೇಲೆ ನನ್ನ ಚೀಲದಲ್ಲಿದ್ದ ಕಾಗದ ಮಡಚಿ ಹೋಗದಂತೆ ಸರಿಯಾಗಿ ಇಟ್ಟುಕೋ ಎಂದರು.

ವಕೀಲರು ಬರೆಸಿದ ಪ್ರಮಾಣಪತ್ರ ದೆಹಲಿಗೂ ಹೋಯಿತು, ಪತ್ರಿಕೆಯ ಸಂಪಾದಕರಿಗೂ ಹೋಯಿತು. ಉರ್ಫ್ ಎಂದರೆ ಕಳ್ಳರು ಇಟ್ಟುಕೊಳ್ಳುವ ಸುಳ್ಳು ಹೆಸರಲ್ಲ ಎಂದು ಸಂಪಾದಕರಿಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಲು ಅರ್ಧ ಪುಟ ಬೇಕಾಯಿತು. ಸಭೆ ಮುಗಿದ ಮೇಲೆ ಅಧ್ಯಯನ ನನಗೇ ಸಿಕ್ಕಿತು, ಮುಖ್ಯ ಸಂಶೋಧಕಿ ಡಾ. ಕಮಲಾ ಎಂದು. ಮುಖ್ಯಸ್ಥರು ಸಂತೋಷದಿಂದ ಕೈ ಕುಲುಕಿ, “ಕಂಗ್ರಾಟ್ಸ್ ಸುನಂದಾ” ಎಂದರು.

ಮುಂದಿನ ವರ್ಷಗಳು ಮತ್ತೆ ಬಾಟಲಿ, ಬರ್ಫ, ಬಸ್ಸು. ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಕೆಲವು ಮನೆಗಳಿಗೆ ಕೈ ಹೋಗದಷ್ಟು ಚಿಕ್ಕ ಬಾಯಿಯ ಕೊಡವನ್ನೂ, ಉಳಿದವಕ್ಕೆ ಉದ್ದ ಹಿಡಿಕೆಯ ಸೌಟನ್ನೂ ಕೊಟ್ಟು ಕೂಸುಗಳನ್ನು ನೋಡುತ್ತ ಹೋದೆವು. ಚಿಕ್ಕ ಬಾಯಿಯ ಕೊಡವನ್ನು ಒಳಗಿನಿಂದ ತಿಕ್ಕಲು ಬರುವುದಿಲ್ಲವೆಂದು ಹೆಂಗಸರು ಬೈದರು, ಅದನ್ನೂ ಬರೆದುಕೊಂಡೆವು. ಸೌಟು ಗೆದ್ದಿತು. ಪ್ರಬಂಧ ಬರೆದು, ಅದೇ ಹಳೆಯ ಪತ್ರಿಕೆಗೆ ಕಳಿಸಿದೆ. ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಹಳ್ಳಿಯ ಕುಟುಂಬಗಳು, ನಮ್ಮ ಕ್ಷೇತ್ರ ಕಾರ್ಯಕರ್ತೆಯರು, ಅವರ ನಂತರ ‘ಆಲಮೇಲದ ಭೀಮವ್ವ’ ಎಂದು ಸೇರಿಸಿದೆ. ಯಾಕೆ ಎಂದು ಸಂಪಾದಕರು ಕೇಳಲಿಲ್ಲ.

ಅಚ್ಚಾದ ಪ್ರತಿ ಬಂದ ಶನಿವಾರ ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಇಂಗ್ಲಿಷು ಬಾರದು. ಬಿಸಿಲಿದ್ದ ಕಟ್ಟೆಗೆ ಹೋಗಿ ಕೂತು, ಹಾಳೆಗಳನ್ನು ಒಂದೊಂದಾಗಿ ತಿರುವಿದರು.

“ಎಲ್ಲೈತಿ?”

ಬೆರಳಿಟ್ಟು ತೋರಿಸಿದೆ. ಅವರೂ ಅಲ್ಲಿ ತಮ್ಮ ಬೆರಳಿಟ್ಟರು.

“ಇದನ್ನ ಓದಿದವ್ರು ಬಾಯಿಲೆ ಅಂತಾರೇನು, ಈ ಹೆಸರ?”

“ಓದಿದ್ರ ಅಂತಾರ್ರಿ.”

“ಅಷ್ಟು ದೂರದಾಗ?”

“ಅಷ್ಟು ದೂರದಾಗ.”

ಅತ್ತೆ ಒಳಗಿನ ಗೋಡೆಯ ಮೇಲಿದ್ದ ರುಮಾಲಿನ ಫೋಟೋದ ಕಡೆ ಒಮ್ಮೆ ಕಣ್ಣು ಹಾಯಿಸಿದರು.

“ಅನ್ಲಿ ಬಿಡು,” ಎಂದರು. “ಅವ್ರಿಗೇನು ಮಾವ ಅಲ್ಲಲ್ಲ.”